ಪೊಸಡಿ ಗುಂಪೆಯೋ, ರಾಣಿಪುರಂ ಗುಡ್ಡೆಯೋ?

ಸೆಪ್ಟೆಂಬರ್ ಕೊನೆಗೆ ಪೊಸಡಿ ಗುಂಪೆ ಹತ್ತಿದೆ, ಅದಾಗಿ ಎರಡು ವಾರಕ್ಕೆ ಭಾವನ ಜೊತೆ ರಾಣಿಪುರಂ. ಎರಡೂ ನಮ್ಮ ಕಾಸರಗೋಡು ಜಿಲ್ಲೆಯವೇ, ಎರಡರ ತಲೆಯ ಮೇಲೂ ಹುಲ್ಲೇ ಹುಲ್ಲು. ಆದರೂ ಒಂದು ನೋಡಿದರೆ ಇನ್ನೊಂದು ನೋಡಿದ ಹಾಗೆ ಆಗುವುದಿಲ್ಲ.

ಗುಂಪೆ ನಮಗೆ ಹಿತ್ತಲಿನ ಗುಡ್ಡೆ ಇದ್ದ ಹಾಗೆ. ಬಂದ್ಯೋಡಿನಿಂದ ಪೆರ್ಮುದೆ ದಾಟಿ ಧರ್ಮತ್ತಡ್ಕಕ್ಕೆ ಬಂದರೆ ಆಯಿತು. ಎತ್ತರ ಸುಮಾರು 1060 ಅಡಿ. ನಾಲ್ಕು ಗಂಟೆಗೆ ಚಾ ಕುಡಿದು ಹೊರಟರೂ ಸೂರ್ಯ ಮುಳುಗುವ ಮೊದಲು ಮೇಲಿರಬಹುದು. ಅಮ್ಮನಿಗೆ ಮೊಣಕಾಲು ನೋವು, ಆದರೂ ಅಲ್ಲಲ್ಲಿ ಕೂತು ಹತ್ತಿದರು. ಮೇಲೆ ನಿಂತರೆ ಪಶ್ಚಿಮಕ್ಕೆ ಕಡಲು, ಉತ್ತರಕ್ಕೆ ಮಂಗಳೂರು. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಕುದುರೆಮುಖವೂ ಕಾಣುತ್ತದೆ.

ಅಮ್ಮ ಕಡಲು ನೋಡಲಿಲ್ಲ. ಒಂದು ಎಳೆ ಮುಳಿಹುಲ್ಲು ಕಿತ್ತು ಬೆರಳಿಗೆ ಸುತ್ತಿದರು. ಅವರ ತವರುಮನೆಗೆ ಮುಳಿ ಹೊದಿಸಿದ ಮಾಡೇ ಇತ್ತು. "ಇದಿನ್ನೂ ಎಳತು. ತೆನೆ ಬಂದು ಒಣಗಿದ ಮೇಲೆ ಕೊಯ್ಯಬೇಕು" ಅಂದರು.

ಗುಂಪೆಯಲ್ಲಿ ನೆರಳಿಲ್ಲ, ಮಧ್ಯಾಹ್ನ ಹೋಗಲೇಬೇಡಿ. ಭಾನುವಾರ ಜನ ಜಾಸ್ತಿ. ಹುಲ್ಲಿನ ನಡುವೆ ಖಾಲಿ ಬಾಟಲಿಗಳನ್ನು ಕಂಡು ನನಗೆ ತುಂಬಾ ಬೇಜಾರಾಯಿತು.

ರಾಣಿಪುರಕ್ಕೆ ಒಂದು ಇಡೀ ದಿನ ಬೇಕು. ಕಾಞಂಗಾಡಿನಿಂದ ಸುಮಾರು 45 ಕಿಲೋಮೀಟರ್, ರಾಜಪುರಂ ದಾಟಿ ಹೋಗಬೇಕು. ಸುಳ್ಯದ ಕಡೆಯವರಿಗೆ ಕಲ್ಲಪಳ್ಳಿ, ಪಾಣತ್ತೂರು ದಾರಿ ಹತ್ತಿರ. ಮೊದಲು ಇದರ ಹೆಸರು ಮಾಡತ್ತುಮಲ. 1970ರ ಸುಮಾರಿಗೆ ಕೋಟ್ಟಯಂ ಕಡೆಯ ಕ್ರೈಸ್ತರು ಬಂದು ನೆಲೆನಿಂತ ಮೇಲೆ ರಾಣಿಪುರಂ ಆಯಿತು.

ಕೆಳಗೆ ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಂಡು ಸುಮಾರು ಎರಡೂವರೆ ಕಿಲೋಮೀಟರ್ ನಡಿಗೆ. ಮೊದಲರ್ಧ ಕಾಡು. ಹಗಲಲ್ಲೂ ಮಬ್ಬು, ಒದ್ದೆ ತರಗೆಲೆ, ಕಾಲಿಟ್ಟಲ್ಲೆಲ್ಲ ಇಂಬಳ, ಅಂದರೆ ಜಿಗಣೆ. ದಾರದಷ್ಟು ಸಪೂರದ್ದೊಂದು ಕಾಲುಚೀಲದ ನೂಲಿನೊಳಗೇ ನುಸುಳಿ ಕಚ್ಚಿತ್ತು. ಉಪ್ಪಿನ ಗಂಟು ಒತ್ತಿದ ಮೇಲೆ ಬಿಟ್ಟಿತು. ಬಟ್ಟೆಯಲ್ಲಿ ಒಂದು ಹಿಡಿ ಉಪ್ಪು ಕಟ್ಟಿಕೊಂಡೇ ಹೋಗಿ.

ಆಮೇಲೆ ಒಂದೇ ಹೆಜ್ಜೆಗೆ ಕಾಡು ಮುಗಿಯುತ್ತದೆ. ಕಣ್ಣು ಹೋದಷ್ಟು ದೂರ ಹುಲ್ಲು, ಅದರ ಮೇಲೆ ಗಾಳಿ ಓಡುವುದು ಕಾಣುತ್ತದೆ. ನೀರು ನಿಲ್ಲುವ ಕಣಿವೆಗಳಲ್ಲಿ ಮಾತ್ರ ಕಡುಹಸಿರು ಮರಗಳ ಗುಂಪು. ಅದೇ ಶೋಲಾ ಕಾಡು. ಗಾಳಿ ಬೀಸುವ, ಮಣ್ಣು ತೆಳುವಾದ ದಿಣ್ಣೆಗಳೆಲ್ಲ ಹುಲ್ಲಿನ ಪಾಲು. ಮಾನಿ ಶಿಖರದ ಹತ್ತಿರ ಮಂಜು ಬಂದು ಎದುರಿದ್ದ ಭಾವನೇ ಕಾಣಲಿಲ್ಲ. ಐದು ನಿಮಿಷ ಇಬ್ಬರೂ ಸುಮ್ನೆ ನಿಂತೆವು.

ಹುಲ್ಲು ನೋಡಬೇಕು ಅಂತಲೇ ಹೊರಡುವವರಿಗೆ ನಾನು ರಾಣಿಪುರಂ ಅಂತಲೇ ಹೇಳುತ್ತೇನೆ. ಗುಂಪೆಯಲ್ಲಿ ಕಣ್ಣು ತಾನಾಗಿ ಕಡಲಿನ ಕಡೆ ಹೋಗುತ್ತದೆ, ಹುಲ್ಲು ಕೂರುವ ಚಾಪೆಯಾಗುತ್ತದೆ ಅಷ್ಟೆ. ರಾಣಿಪುರದಲ್ಲಿ ನಾವೇ ಹುಲ್ಲಿನೊಳಗೆ ಇರುತ್ತೇವೆ. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಮಾತ್ರ ಗುಂಪೆಯೇ ಸರಿ.

ಎರಡಕ್ಕೂ ಸೆಪ್ಟೆಂಬರಿನಿಂದ ನವೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ತಗಲುವ ಭಯ, ರಾಣಿಪುರದಲ್ಲಿ ಆನೆಗಳ ಓಡಾಟವೂ ಇದೆ. ದಾರಿ ತೆರೆದಿದೆಯಾ ಅಂತ ವಿಚಾರಿಸಿಯೇ ಹೊರಡಿ.

ಡಿಸೆಂಬರಿನಲ್ಲಿ ನಾನು ಮತ್ತೆ ಗುಂಪೆಗೆ ಹೋಗುವವನಿದ್ದೇನೆ. ಅಮ್ಮನಿಗೆ ಒಣಗಿದ ಮುಳಿ ನೋಡಬೇಕಂತೆ.