ಹೆಲ್ತ್ ಲಿಂಕ್ಸ್: ನಾಲ್ಕು ವರ್ಷ ಓದಿದ ಅಮ್ಮನ ಲೆಕ್ಕ

ಮಗನಿಗೆ ಆರನೇ ವಯಸ್ಸಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಈಗ 17. ಬೈಕ್ ಬೇಕು ಅಂತ ಹಟ ಮಾಡುವಷ್ಟು ಗಟ್ಟಿಯಾಗಿದ್ದಾನೆ. ಆದರೆ ಕೀಮೋದ ಕೆಂಪು ಔಷಧಿ ಎಷ್ಟೋ ವರ್ಷದ ಮೇಲೂ ಹೃದಯವನ್ನು ಸೋಲಿಸಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಗೊತ್ತಾಗಿದ್ದು, ಅಮೆರಿಕದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ ಅನ್ನೋ ಮಕ್ಕಳ ಕ್ಯಾನ್ಸರ್ ಸಂಸ್ಥೆ, ಚಿಕ್ಕಂದಿನಲ್ಲಿ ಕ್ಯಾನ್ಸರ್ ಗೆದ್ದವರಿಗಾಗಿ ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ಇಟ್ಟಿರುವ 'ಹೆಲ್ತ್ ಲಿಂಕ್ಸ್' ಮಾಹಿತಿ ಹಾಳೆಗಳಿಂದ.

ಮೊದಲ ವರ್ಷ ಬೈದುಕೊಂಡೇ ಓದಿದೆ. ಇಂಗ್ಲಿಷ್ ಇದೆ, ಸ್ಪ್ಯಾನಿಷ್ ಇದೆ, ಕನ್ನಡ ಇಲ್ಲ. ಅದು ಹೋಗಲಿ. ಎಷ್ಟು ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು ಅನ್ನೋದು ಆ ಔಷಧಿ ಒಟ್ಟು ಎಷ್ಟು ಹೋಗಿದೆ ಅನ್ನೋದರ ಮೇಲೆ ನಿಂತಿದೆ. ನಮ್ಮ ಡಿಸ್ಚಾರ್ಜ್ ಕಾಗದದಲ್ಲಿ 'ಚಿಕಿತ್ಸೆ ಮುಗಿದಿದೆ' ಅಷ್ಟೇ ಇತ್ತು! ಆಸ್ಪತ್ರೆಗೆ ಎರಡು ಸಲ ಹೋದೆ. ಹಳೇ ಫೈಲ್ ಸಿಗಲ್ಲ ಅಂದರು.

ಟ್ರಂಕಿನಲ್ಲಿದ್ದ ಕೀಮೋ ಚಾರ್ಟ್ ತೆಗೆದೆ. ಇನ್ನೂ ನುಸಿಗುಳಿಗೆ ವಾಸನೆ. ಒಂದು ಕಡೆ ಸಾರಿನ ಕಲೆ, ಅದರ ಕೆಳಗೆ ನರ್ಸ್ ಕೈಬರಹದ 25. ಆ ಕೆಂಪು ಔಷಧಿಯಲ್ಲೇ ಎರಡು ಬಗೆ: ಡೌನೊರುಬಿಸಿನ್ ನಾಲ್ಕು ಸಲ, ಡಾಕ್ಸೊರುಬಿಸಿನ್ ಮೂರು ಸಲ, ಪ್ರತಿ ಸಲವೂ ಮೈಯ ಚದರ ಮೀಟರಿಗೆ 25 ಮಿಲಿಗ್ರಾಂ. ಕೂಡಿಸಿದರೆ 175. ಈಗಿನ ಡಾಕ್ಟರು ನೋಡಿ, ಹೃದಯದ ಲೆಕ್ಕಕ್ಕೆ ಡೌನೊರುಬಿಸಿನ್ ಅರ್ಧ ಮಾತ್ರ ಹಿಡೀಬೇಕಮ್ಮ, 125 ಅಂದರು. ಎದೆಗೆ ರೇಡಿಯೇಷನ್ ಕೊಟ್ಟಿಲ್ಲದಿದ್ದರೆ, 100ರಿಂದ 250ರ ಒಳಗೆ ಐದು ವರ್ಷಕ್ಕೊಂದು ಎಕೋ. 250 ಮುಟ್ಟಿದರೆ ಇಲ್ಲವೇ ದಾಟಿದರೆ ಎರಡು ವರ್ಷಕ್ಕೊಂದು. ನಾನು ಭಯಕ್ಕೆ ವರ್ಷವರ್ಷವೂ ಮಾಡಿಸೋಣ ಅಂತ ಚೀಟಿ ಹಾಕಿದ್ದೆ. ಆ ದುಡ್ಡು ಈಗ ಅವನ ಕಾಲೇಜು ಫೀಸಿಗೆ.

ಆಮೇಲೆ ನನ್ನ ಸಿಟ್ಟು ಇಳಿಯಿತು. ಭಾನುವಾರ ಕಾಫಿ ಆದಮೇಲೆ ಮಗನೇ ಒಂದೊಂದು ಹಾಳೆ ಓದಿ ಅಜ್ಜಿಗೆ ಹೇಳುತ್ತಾನೆ. ಕಾರ್ಡಿಯೋಮಯೋಪತಿ, ಅಂದರೆ ಹೃದಯದ ಸ್ನಾಯು ಸೋಲೋದು, ಅವನ ಮಾತಲ್ಲಿ 'ಮೋಟರ್ ಇದೆ ಅಜ್ಜಿ, ನೀರು ಏರಲ್ಲ'. ನನಗೂ ಆಗಲೇ ಸರಿಯಾಗಿ ಅರ್ಥವಾಗಿದ್ದು.

ಹೋದ ವರ್ಷ ಜಿಮ್ಮಿಗೆ ಸೇರ್ತೀನಿ ಅಂದ. ಮೊದಲಾಗಿದ್ದರೆ ಸುಮ್ನೆ ಬೇಡ ಅಂತಿದ್ದೆ. ನಡಿಗೆ, ಓಟ, ಈಜಿನಂಥದ್ದು ಸಾಮಾನ್ಯವಾಗಿ ತೊಂದರೆಯಿಲ್ಲ, ಉಸಿರು ಕಟ್ಟಿ ಭಾರ ಎತ್ತೋದಕ್ಕಿಂತ ಹಗುರ ತೂಕ ಜಾಸ್ತಿ ಸಲ ಎತ್ತೋದು ವಾಸಿ, ಶುರು ಮಾಡೋ ಮುಂಚೆ ಡಾಕ್ಟರನ್ನ ಕೇಳಿ ಅಂತ ಹಾಳೆಯಲ್ಲೇ ಇತ್ತು. ಕೇಳಿದೆವು, ಸೇರಿದ. ಝೆರಾಕ್ಸ್ ಪ್ರತಿ ಮಡಚಿ ಟ್ರೈನರ್‌ಗೂ ಕೊಟ್ಟು ಬಂದ.

ನನ್ನ ಕಡೆಯಿಂದ ನಾಲ್ಕು ಸ್ಟಾರ್. ಮಕ್ಕಳ ಚಾರ್ಟ್ ಮಾತ್ರ ಯಾರೂ ರದ್ದಿಗೆ ಹಾಕಬೇಡಿ. ನಮ್ಮ ಮುಂದಿನ ಎಕೋ ಇರೋದು ಬರುವ ವರ್ಷ. ಗ್ಯಾಸ್ ಸಿಲಿಂಡರ್ ತಾರೀಖು ಬರೆಯುವ ಕಪಾಟಿನ ಬಾಗಿಲ ಮೇಲೆ ಅದನ್ನೂ ಬರೆದಿಟ್ಟಿದ್ದೇನೆ.