ಮ್ಯೂಸ್‌ಸ್ಕೋರ್ ಸ್ಟುಡಿಯೋ 4: ಕೇಳಿಸುವ ಸದ್ದಿಗಿಂತ ಕೈಗೆ ಸಿಗುವ ಹಾಳೆಗೆ ಹೆಚ್ಚು ಅಂಕ

ಆರ್ಕೆಸ್ಟ್ರೇಶನ್ ಎಂಬ ಮಾತು ಇವತ್ತು ಸಂಗೀತಗಾರರಿಗಿಂತ ಸಾಫ್ಟ್‌ವೇರ್‌ನವರ ಬಾಯಲ್ಲೇ ಹೆಚ್ಚು. ಕಂಟೇನರ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಕುಬರ್ನೆಟಿಸ್ ಮಾಡುವುದೂ ಆರ್ಕೆಸ್ಟ್ರೇಶನ್, ಬ್ಯಾಂಕಿನಲ್ಲಿ ಸಾಲದ ಅರ್ಜಿಯನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಿಸುವ ತಂತ್ರಾಂಶ ಮಾಡುವುದೂ ಆರ್ಕೆಸ್ಟ್ರೇಶನ್. ಎರಡೂ ಕಡೆ ಅದರ ಅರ್ಥ, ಕೆಲಸ ನಡೆಯುವಾಗ ನಡುವೆ ನಿಂತು ಎಲ್ಲರಿಗೂ ಸೂಚನೆ ಕೊಡುವುದು. ಸಂಗೀತದಲ್ಲಿ ಆ ಕೆಲಸ ಕಂಡಕ್ಟರ್‌ನದು. ಆರ್ಕೆಸ್ಟ್ರೇಶನ್ ಅದಕ್ಕೂ ಮೊದಲೇ ಮುಗಿದಿರುತ್ತದೆ. ಯಾವ ಸ್ವರ ಯಾವ ವಾದ್ಯಕ್ಕೆ, ಯಾವ ಸ್ಥಾಯಿಯಲ್ಲಿ, ಎಷ್ಟು ಜನರಿಗೆ ಎಂದು ಕಾಗದದ ಮೇಲೆ ತೀರ್ಮಾನಿಸಿ, ಪ್ರತಿಯೊಬ್ಬ ವಾದಕನಿಗೂ ಅವನ ಪಾಲಿನ ಹಾಳೆಯನ್ನಷ್ಟೇ ಕೊಡುವ ಕಲೆ ಅದು. ಕಂಪ್ಯೂಟರಿನಲ್ಲಿ ಸ್ವರಲಿಪಿ ಬರೆಯುವ ತಂತ್ರಾಂಶವಾದ ಮ್ಯೂಸ್‌ಸ್ಕೋರ್ ಸ್ಟುಡಿಯೋವನ್ನು ಇಲ್ಲಿ ಅದೇ ಅಳತೆಗೋಲಿನಿಂದ ಅಳೆದಿದ್ದೇವೆ. ನೋಡಿರುವ ಆವೃತ್ತಿ 4.4.

ಮೊದಲು ಬೆಲೆಯ ಮಾತು, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ತಂತ್ರಾಂಶ ಪೂರ್ತಿ ಉಚಿತ, ಮುಕ್ತ ಆಕರದ್ದು. ವರ್ನರ್ ಶ್ವೀರ್ 2002ರಲ್ಲಿ ಸಂಗೀತವನ್ನು ದಾಖಲಿಸಿ ನುಡಿಸುವ ತಮ್ಮ ಸೀಕ್ವೆನ್ಸರ್ ತಂತ್ರಾಂಶದಿಂದ ಸ್ವರಲಿಪಿಯ ಭಾಗವನ್ನು ಬೇರ್ಪಡಿಸಿ ಶುರುಮಾಡಿದ ಕೆಲಸ ಇದು. ಸಂಪೂರ್ಣ ಹೊಸ ರೂಪದ 4.0 ಬಂದದ್ದು 2022ರ ಡಿಸೆಂಬರ್‌ನಲ್ಲಿ. ಡೌನ್‌ಲೋಡ್ ಮಾಡಬೇಕಾದ್ದು ಡಾಟ್ ಆರ್ಗ್ ತಾಣದಿಂದ. ಅದೇ ಹೆಸರಿನ ಡಾಟ್ ಕಾಮ್ ತಾಣ ಬೇರೆಯವರು ಏರಿಸಿದ ಹಾಳೆಗಳನ್ನು ಚಂದಾ ಪಡೆದು ಒದಗಿಸುವ ಪ್ರತ್ಯೇಕ ಸೇವೆ. ಬರೆಯಲು, ಮುದ್ರಿಸಲು, ಪಿಡಿಎಫ್ ಮಾಡಲು ಆ ಚಂದಾ ಬೇಡ.

ವಾದ್ಯಗಳ ಸದ್ದು ಬೇರೆಯಾಗಿ ಬರುತ್ತದೆ. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಮ್ಯೂಸ್ ಹಬ್ ಎಂಬ ಇನ್ನೊಂದು ಪ್ರೋಗ್ರಾಂ ಹಾಕಿ ಖಾತೆ ತೆರೆದರೆ ತಂತಿ, ಹಿತ್ತಾಳೆ, ಮರದ ಸುಷಿರವಾದ್ಯ, ತಾಳವಾದ್ಯ, ಕೋರಸ್‌ಗಳ ಮ್ಯೂಸ್ ಸೌಂಡ್ಸ್ ಸಂಗ್ರಹಗಳು ಉಚಿತವಾಗಿ ಸಿಗುತ್ತವೆ. ಎಲ್ಲ ಸೇರಿ ಹಲವು ಜಿಬಿ. ಎಸ್‌ಎಸ್‌ಡಿಯಲ್ಲಿ ಜಾಗ ಇಟ್ಟುಕೊಳ್ಳಿ, ರ‍್ಯಾಮ್ 16 ಜಿಬಿ ಇದ್ದರೆ ನೆಮ್ಮದಿ. 8 ಜಿಬಿಯ ಲ್ಯಾಪ್‌ಟಾಪ್‌ನಲ್ಲಿ ಪೂರ್ಣ ವಾದ್ಯವೃಂದ ತಡವರಿಸಿದರೆ, ಬರೆಯುವಷ್ಟು ಹೊತ್ತು ಪ್ಲೇಬ್ಯಾಕ್ ಸೆಟಪ್‌ನಲ್ಲಿ ಹಗುರವಾದ ಬೇಸಿಕ್ ಸದ್ದಿಗೆ ಇಳಿಸಿಕೊಳ್ಳಿ. ಮೂರನೆಯ ಆವೃತ್ತಿಯಲ್ಲಿ ಬರೆದ ಹಳೆಯ ಫೈಲ್ ತೆರೆದಾಗ ಹೊಸ ಸದ್ದು ಕೇಳಿಸದಿದ್ದರೆ ನೋಡಬೇಕಾದ್ದೂ ಅದೇ ಜಾಗ. ನಾಲ್ಕರಲ್ಲಿ ಉಳಿಸಿದ ಫೈಲ್ ಮೂರರಲ್ಲಿ ತೆರೆಯದು, ಹಾಗಾಗಿ ಹಳೆಯ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡೇ ಮುಂದುವರಿಯಿರಿ.

ವಾದ್ಯಗಳನ್ನು ಆರಿಸುವಾಗ ಒಂದು ಎಚ್ಚರ: ಪಟ್ಟಿಯಲ್ಲಿ ಬರೀ ವಯಲಿನ್ ಎಂದರೆ ಒಬ್ಬನೇ ವಾದಕ. ಇಡೀ ಸಾಲು ಬೇಕಿದ್ದರೆ ಸೆಕ್ಷನ್ ಎಂದು ಗುರುತಿಸಿದ್ದನ್ನೇ ಆರಿಸಬೇಕು. ಸಿಂಫನಿ ಆರ್ಕೆಸ್ಟ್ರಾ ಟೆಂಪ್ಲೇಟಿನಿಂದ ಶುರುಮಾಡಿದರೆ ಈ ಗೊಂದಲವಿಲ್ಲ, ಮೇಲಿನಿಂದ ಕೆಳಗಿನ ಕ್ರಮವೂ ಸರಿಯಾಗಿ ಬಂದಿರುತ್ತದೆ. ಬೇಡದ ವಾದ್ಯಗಳನ್ನು ಎಫ್ 7 ಒತ್ತಿ ಬರುವ ಫಲಕದಲ್ಲಿ ಅಳಿಸಿ.

ಶ್ರುತಿ ಬದಲಿಸುವ ವಾದ್ಯಗಳನ್ನು ತಂತ್ರಾಂಶ ಚೆನ್ನಾಗಿ ನಿಭಾಯಿಸುತ್ತದೆ. ಬಿ-ಫ್ಲಾಟ್ ಕ್ಲಾರಿನೆಟ್ ಮತ್ತು ಟ್ರಂಪೆಟ್ ಬರೆದುದಕ್ಕಿಂತ ಒಂದು ಪೂರ್ಣಸ್ವರ ಕೆಳಗೆ ನುಡಿಯುತ್ತವೆ, ಎಫ್ ಹಾರ್ನ್ ಒಂದು ಪಂಚಮ ಕೆಳಗೆ, ಡಬಲ್ ಬಾಸ್ ಒಂದು ಸ್ಥಾಯಿ ಕೆಳಗೆ, ಪಿಕಲೋ ಒಂದು ಸ್ಥಾಯಿ ಮೇಲೆ. ಕೆಳಪಟ್ಟಿಯಲ್ಲಿರುವ ಕನ್ಸರ್ಟ್ ಪಿಚ್ ಗುಂಡಿ ಹಾಕಿದರೆ ಟ್ರಂಪೆಟ್, ಹಾರ್ನ್‌ಗಳೆಲ್ಲ ನಿಜವಾದ ಶ್ರುತಿಯಲ್ಲಿ ಕಾಣುತ್ತವೆ, ಬರೆಯುವಾಗ ಅನುಕೂಲ. ಮುದ್ರಿಸುವ ಮುನ್ನ ಮಾತ್ರ ಪ್ರತಿ ಪಾರ್ಟ್ (ಒಬ್ಬ ವಾದಕನ ಪಾಲಿನ ಹಾಳೆ) ತೆರೆದು ಆ ಗುಂಡಿ ಆರಿದೆಯೇ ನೋಡಲೇಬೇಕು. ಅದನ್ನು ಆಫ್ ಮಾಡದೆ ಹೋದರೆ ಹಾರ್ನ್ ವಾದಕ ಹಾಳೆಯಲ್ಲಿ ಕಂಡ ಸಿ ಸ್ವರವನ್ನೇ ನುಡಿಸುತ್ತಾನೆ, ಸಭಾಂಗಣದಲ್ಲಿ ಕೇಳುವುದು ಅದರ ಕೆಳಗಿನ ಎಫ್.

ಇನ್ನು ಪಾರ್ಟ್‌ಗಳು. ಈ ತಂತ್ರಾಂಶವನ್ನು ಮನಸಾರೆ ಮೆಚ್ಚಬೇಕಾದ್ದು ಇಲ್ಲಿ. ಪಾರ್ಟ್ಸ್ ಗುಂಡಿ ಒತ್ತಿ ಎಲ್ಲವನ್ನೂ ತೆರೆದರೆ ಪ್ರತಿ ವಾದ್ಯಕ್ಕೂ ಒಂದು ಹಾಳೆ ಸಿದ್ಧವಾಗುತ್ತದೆ, ಮತ್ತು ಅದು ಎಲ್ಲ ವಾದ್ಯಗಳೂ ಒಟ್ಟಿಗೆ ಕಾಣುವ ಮೂಲ ಸ್ಕೋರಿಗೆ ಅಂಟಿಕೊಂಡೇ ಇರುತ್ತದೆ. ರಿಹರ್ಸಲ್‌ನ ಹಿಂದಿನ ರಾತ್ರಿ ವಯೋಲಾದ ಒಂದು ಸ್ವರ ತಿದ್ದಿದರೆ ಪಾರ್ಟ್‌ನಲ್ಲೂ ತಿದ್ದಿರುತ್ತದೆ. ಸಾಲು ಮುರಿಯುವುದು ಎಂಟರ್ ಕೀ, ಪುಟ ಮುರಿಯುವುದು ಕಂಟ್ರೋಲ್ ಜೊತೆ ಎಂಟರ್. ಪಾರ್ಟ್‌ನಲ್ಲಿ ಮಾಡಿದ ಈ ಮುರಿತಗಳು ಸ್ಕೋರಿನ ಪುಟವನ್ನು ಕದಲಿಸುವುದಿಲ್ಲ. ಸತತ ಖಾಲಿ ಬಾರ್‌ಗಳು (ಎರಡು ಲಂಬ ಗೆರೆಗಳ ನಡುವಿನ ತಾಳದ ಮನೆಗಳು) ತಾವಾಗಿಯೇ ಒಂದೇ ಉದ್ದ ವಿರಾಮವಾಗಿ, ಮೇಲೆ ಸಂಖ್ಯೆಯೊಂದಿಗೆ, ಕೂಡಿಕೊಳ್ಳುತ್ತವೆ. ಕೈಬರಹದ ಕಾಲದಲ್ಲಿ ನಕಲುಗಾರ ಎಣಿಸುತ್ತಿದ್ದ ಎಣಿಕೆ ಅದು, ಒಂದು ತಪ್ಪಿದರೆ ಟ್ರಾಂಬೋನ್ ಒಂದು ಬಾರ್ ಮೊದಲೇ ಗರ್ಜಿಸುತ್ತಿತ್ತು.

ಪುಟ ತಿರುಗಿಸುವ ಜಾಗವನ್ನು ತಂತ್ರಾಂಶ ಯೋಚಿಸುವುದಿಲ್ಲ, ನೀವೇ ಯೋಚಿಸಬೇಕು. ಬಲಪುಟದ ಕೊನೆಯಲ್ಲಿ ಎರಡು ಬಾರ್‌ನಷ್ಟಾದರೂ ವಿರಾಮ ಬರುವಂತೆ ಮುರಿಯಿರಿ. ಸ್ವರ ಬರೆಯುವ ಐದು ಗೆರೆಗಳ ಸಾಲಾದ ಸ್ಟಾಫ್‌ನಲ್ಲಿ ಗೆರೆಗಳ ನಡುವಿನ ಅಂತರ ಮೊದಲಿಗೆ 1.75 ಮಿ.ಮೀ. ಇರುತ್ತದೆ, ಅಂದರೆ ಸ್ಟಾಫ್‌ನ ಎತ್ತರ 7 ಮಿ.ಮೀ. ಪಾರ್ಟ್‌ಗಳಿಗೆ ಇದನ್ನು ಇಳಿಸಬೇಡಿ. ತಂತಿವಾದ್ಯದವರು ಇಬ್ಬರಿಗೆ ಒಂದು ಸ್ಟ್ಯಾಂಡ್ ಇಟ್ಟುಕೊಂಡು ಓದುವವರು, ಇಬ್ಬರಿಗೂ ಹಾಳೆ ದೂರವೇ. ಕಂಡಕ್ಟರ್‌ನ ಸ್ಕೋರನ್ನು ಎ3 ಕಾಗದದಲ್ಲಿ ತೆಗೆಯಿರಿ.

ಪಾರ್ಟ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಒಂದೇ, ಮತ್ತು ಅದರ ಕಾರಣ ತಿಳಿದರೆ ಮತ್ತೆ ಆಗದು. ಸ್ಟಾಫ್ ಟೆಕ್ಸ್ಟ್ ಎಂದರೆ ಆ ಒಂದೇ ಸಾಲಿಗೆ ಸೇರಿದ ಬರಹ. ಮೇಲ್ಸಾಲಿನಲ್ಲಿ ಸ್ಟಾಫ್ ಟೆಕ್ಸ್ಟ್ ಆಗಿ 'ರಿಟ್.' (ನಿಧಾನಿಸಿ) ಎಂದು ಬರೆದರೆ ಸ್ಕೋರಿನಲ್ಲಿ ಎಲ್ಲರಿಗೂ ಅನ್ವಯಿಸುವಂತೆ ಕಾಣುತ್ತದೆ, ಆದರೆ ಅದು ಸಿಗುವುದು ಫ್ಲೂಟ್‌ನವನಿಗೆ ಮಾತ್ರ. ಅವನು ನಿಧಾನಿಸುತ್ತಾನೆ, ಉಳಿದವರ ಹಾಳೆಯಲ್ಲಿ ಆ ಮಾತೇ ಇಲ್ಲ. ವೇಗದ ಸೂಚನೆಗಳನ್ನು ಟೆಂಪೋ ಪ್ಯಾಲೆಟ್‌ನಿಂದಲೇ ಎಳೆದು ಹಾಕಿ, ಎಲ್ಲ ಪಾರ್ಟ್‌ಗೂ ಹೋಗುತ್ತವೆ, ಪ್ಲೇಬ್ಯಾಕ್ ಕೂಡ ನಿಧಾನಿಸುತ್ತದೆ. ತಾಲೀಮಿನಲ್ಲಿ ಜಾಗ ಗುರುತಿಸುವ ರಿಹರ್ಸಲ್ ಅಕ್ಷರಗಳಿಗೆ ಕಂಟ್ರೋಲ್ ಮತ್ತು ಎಂ. ಅಕ್ಷರಕ್ರಮವನ್ನು ಅದೇ ನೋಡಿಕೊಳ್ಳುತ್ತದೆ, ಎಲ್ಲರ ಹಾಳೆಗೂ ಹೋಗುತ್ತದೆ.

ಇಂಥದೇ ಇನ್ನೊಂದು: ಪಿಜಿಕಾಟೋ, ಅಂದರೆ ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುವುದು. ಕೈಯಿಂದ ಟೈಪ್ ಮಾಡಿದರೆ ಮುದ್ರಣದಲ್ಲಿ ಬರುತ್ತದೆ, ಸದ್ದಿನಲ್ಲಿ ಬರುವುದಿಲ್ಲ. ಟೆಕ್ಸ್ಟ್ ಪ್ಯಾಲೆಟ್‌ನಲ್ಲಿರುವ ನುಡಿಸುವ ಬಗೆಯ ಸೂಚನೆಯನ್ನೇ ಬಳಸಬೇಕು. ಕಮಾನಿಗೆ ಮರಳುವಾಗ ಅದೇ ಗುಂಪಿನ 'ನಾರ್ಮಲ್' ಸೂಚನೆ ಹಾಕಿ, ಅದರ ಬರಹವನ್ನು 'ಆರ್ಕೋ' ಎಂದು ಬದಲಿಸಿ. ಮರೆತರೆ ಕೊನೆಯವರೆಗೂ ತಂತಿ ಮೀಟುತ್ತಲೇ ಇರುತ್ತದೆ.

ಈಗ ಸದ್ದು. ಮ್ಯೂಸ್ ಸೌಂಡ್ಸ್ ಇಂಪಾಗಿದೆ, ಉಚಿತಕ್ಕೆ ಇಷ್ಟು ಸಿಗುವುದು ದೊಡ್ಡ ಮಾತು. ಆ ಇಂಪೇ ಕಲಿಯುವವರನ್ನು ದಾರಿ ತಪ್ಪಿಸುತ್ತದೆ. ಒಂದೊಂದು ವಾದ್ಯದ ಸದ್ದನ್ನು ಹೆಚ್ಚು ಕಡಿಮೆ ಮಾಡುವ ಮಿಕ್ಸರ್‌ನಲ್ಲಿ ಒಂದು ಫ್ಲೂಟನ್ನು ಮೇಲೆತ್ತಿದರೆ ನಾಲ್ಕು ಹಾರ್ನ್‌ಗಳ ಮೇಲೂ ತೇಲುತ್ತದೆ. ಸಭಾಂಗಣದಲ್ಲಿ ಮಧ್ಯದ ಸಿ ಇಂದ ಅದರ ಮೇಲಿನ ಜಿ ತನಕದ ಫ್ಲೂಟ್ ಉಸಿರಿನಷ್ಟು ಮೆತ್ತಗೆ, ಹಾರ್ನ್ ಬಿಡಿ, ತುಂಬಿದ ತಂತಿವಾದ್ಯಗಳ ಅಡಿಯಲ್ಲೇ ಮುಳುಗುತ್ತದೆ. ರಷ್ಯಾದ ಸಂಗೀತ ರಚನಕಾರ ರಿಮ್‌ಸ್ಕಿ-ಕೊರ್ಸಕೋವ್ ಕೊಟ್ಟ ಲೆಕ್ಕ ಇವತ್ತಿಗೂ ಸರಿ: ಜೋರಾಗಿ ನುಡಿಸುವಾಗ ಒಂದು ಟ್ರಂಪೆಟ್ ಎರಡು ಹಾರ್ನ್‌ಗೆ ಸಮ, ಒಂದು ಹಾರ್ನ್ ಎರಡು ಫ್ಲೂಟ್ ಅಥವಾ ಎರಡು ಕ್ಲಾರಿನೆಟ್‌ಗೆ ಸಮ. ಮಿಕ್ಸರ್‌ಗೆ ಈ ಲೆಕ್ಕ ಗೊತ್ತಿಲ್ಲ. ಬರೆದು ಮುಗಿಯುವವರೆಗೆ ಅದರ ಎಲ್ಲ ಫೇಡರ್‌ಗಳನ್ನೂ (ಸದ್ದಿನ ಜಾರುಗುಂಡಿಗಳು) ಸೊನ್ನೆಯಲ್ಲೇ ಬಿಡಿ. ರಾಗ ಕೇಳಿಸುತ್ತಿಲ್ಲ ಎನಿಸಿದರೆ ಫೇಡರ್ ಎತ್ತುವ ಬದಲು ಒಂದು ಸ್ಥಾಯಿ ಮೇಲೇರಿಸಿ, ಇಲ್ಲವೇ ಜೊತೆಗೊಂದು ಓಬೋ ಕೂಡಿಸಿ, ಇಲ್ಲವೇ ಹಾರ್ನ್‌ಗಳನ್ನು ತೆಳುಮಾಡಿ.

ವಾದ್ಯದ ವ್ಯಾಪ್ತಿ ಮೀರಿದ ಸ್ವರವನ್ನು ತಂತ್ರಾಂಶ ಬಣ್ಣದಿಂದ ಎಚ್ಚರಿಸುತ್ತದೆ: ಹವ್ಯಾಸಿಗೆ ಕಷ್ಟವಾದುದು ಹಳದಿ ಛಾಯೆ, ನುರಿತವರಿಗೂ ಆಗದ್ದು ಕೆಂಪು. ಒಳ್ಳೆಯ ಸವಲತ್ತು, ಆದರೆ ಅದು ಎತ್ತರ ತಗ್ಗನ್ನಷ್ಟೇ ಬಲ್ಲದು. ಓಬೋದ ಅತಿ ಕೆಳಗಿನ ಸ್ವರಗಳು ದಪ್ಪವಾಗಿ, ಒರಟಾಗಿ ಬರುತ್ತವೆ, ಅಲ್ಲಿ ಅತಿ ಮೃದುವಾಗಿ ನುಡಿಸಿ ಎಂದು ಬರೆದರೆ ಯಾವ ಬಣ್ಣವೂ ಬದಲಾಗದು. ಟ್ರಾಂಬೋನ್‌ನ ಜಾರುವ ಕೊಳವೆಗೆ ಏಳೇ ಸ್ಥಾನ. ಒಂದೇ ಜಾರಿನಲ್ಲಿ ಆರು ಅರ್ಧಸ್ವರಕ್ಕಿಂತ ದೂರ ಹೋಗಲಾಗದು, ಕಂಪ್ಯೂಟರ್ ಮಾತ್ರ ಎರಡು ಸ್ಥಾಯಿ ಬೇಕಾದರೂ ಜಾರುತ್ತದೆ. ಕಂಪ್ಯೂಟರ್‌ಗೆ ಉಸಿರೂ ಬೇಡ, ಕಮಾನೂ ಮುಗಿಯದು. ನಿಮಿಷಕ್ಕೆ 60 ಮಾತ್ರೆಯ ಗತಿಯಲ್ಲಿ 4/4ರ ಎರಡು ಬಾರ್ ಉದ್ದದ ಒಂದೇ ಸ್ಲರ್ (ಸ್ವರಗಳನ್ನು ಕೂಡಿಸುವ ಬಾಗುಗೆರೆ) ಎಂದರೆ ಎಂಟು ಸೆಕೆಂಡ್ ಒಂದೇ ಕಮಾನು. ಮೆತ್ತಗೆ ಆದೀತು, ಜೋರಾಗಿ ಎಂದರೆ ಅರ್ಧದಲ್ಲೇ ಕಮಾನು ತೀರುತ್ತದೆ.

ಕೊರತೆಗಳು ಇಲ್ಲದಿಲ್ಲ. ಇಬ್ಬರು ಫ್ಲೂಟ್ ವಾದಕರಿಗೆ ಬೇರೆ ಬೇರೆ ಪಾರ್ಟ್ ಬೇಕು, ಕಂಡಕ್ಟರ್‌ಗೆ ಮಾತ್ರ ಇಬ್ಬರೂ ಒಂದೇ ಸಾಲಿನಲ್ಲಿ ಕಾಣಬೇಕು. ಇಂಥದೇ ಇನ್ನೊಂದು ತಂತ್ರಾಂಶ ಡೋರಿಕೋ ಪ್ರೋ ಇದನ್ನು ತಾನೇ ಮಾಡಿಕೊಡುತ್ತದೆ, ಇಲ್ಲಿ ಆ ಸೌಲಭ್ಯವಿಲ್ಲ. ಎರಡು ಸಾಲು ಬರೆದು ಎತ್ತರದ ಸ್ಕೋರನ್ನು ಒಪ್ಪಿಕೊಳ್ಳುವುದೇ ಸುಲಭ. ದೀರ್ಘ ವಿರಾಮದ ನಂತರ ಪ್ರವೇಶಿಸುವವನಿಗೆ ಬೇರೆ ವಾದ್ಯದ ಸಣ್ಣ ಸ್ವರಗಳನ್ನು ಸುಳಿವಾಗಿ ತೋರಿಸುವುದೂ ತ್ರಾಸ. ನಕಲಿಸಿ ಅಂಟಿಸಬೇಕು, ಗಾತ್ರ ಚಿಕ್ಕದು ಮಾಡಬೇಕು, ಸದ್ದು ನಿಲ್ಲಿಸಬೇಕು, ಅಷ್ಟಾದ ಮೇಲೂ ಅವು ಸ್ಕೋರಿನಲ್ಲೂ ತಲೆಹಾಕುತ್ತವೆ.

ನಮ್ಮ ಸಂಗೀತವನ್ನು ಬ್ಯಾಂಡ್‌ಗೆ ಅಳವಡಿಸುವವರಿಗೆ ಇನ್ನಷ್ಟು. ಮೈಸೂರು ಅರಮನೆಯ ಕಾಲದಿಂದ ಈ ವಾಡಿಕೆ ನಮ್ಮಲ್ಲಿದೆ, ಇಂದಿನ ಪೊಲೀಸ್ ಬ್ಯಾಂಡ್ ಅದನ್ನು ಉಳಿಸಿಕೊಂಡಿದೆ. ಮೊದಲು ಷಡ್ಜ ಎಲ್ಲಿ ಎಂದು ನಿಶ್ಚಯಿಸಿ. ಹಂಸಧ್ವನಿಯನ್ನು ಇ ಶ್ರುತಿಯಲ್ಲಿ ಬರೆದರೆ ಕ್ಲಾರಿನೆಟ್‌ನವರ ಹಾಳೆಯಲ್ಲಿ ಆರು ಶಾರ್ಪ್ ಬೀಳುತ್ತವೆ. ಅದನ್ನೇ ಇ-ಫ್ಲಾಟ್‌ಗೆ ಇಳಿಸಿದರೆ ಒಂದೇ ಫ್ಲಾಟ್, ಬಿ-ಫ್ಲಾಟ್ ಆದರೆ ಅದೂ ಇಲ್ಲ. ಆದಿತಾಳಕ್ಕೆ 4/4ರ ಎರಡು ಬಾರ್ ಸಾಕು. ಮಿಶ್ರಛಾಪುವನ್ನು 7/8 ಎಂದು ಬರೆದು, ತಾಳಚಿಹ್ನೆಯ ಗುಣಗಳಲ್ಲಿ ಸ್ವರಗಳ ಗುಂಪನ್ನು 3+2+2 ಮಾಡಿ. ತಕಿಟ ತಕ ಧಿಮಿ ಕಣ್ಣಿಗೇ ಕಾಣುವಂತಿದ್ದರೆ ತಾಳ ಅರಿಯದ ವಾದಕನೂ ಒತ್ತನ್ನು ಸರಿಯಾದ ಜಾಗದಲ್ಲಿ ಇಡುತ್ತಾನೆ. ಗಮಕದಲ್ಲಿ ಮಾತ್ರ ತಂತ್ರಾಂಶದಿಂದ ಏನನ್ನೂ ನಿರೀಕ್ಷಿಸಬೇಡಿ. ತೋಡಿಯ ಗಾಂಧಾರವನ್ನು ನೇರ ಸ್ವರವಾಗಿ ಬರೆದರೆ ಅದು ತೋಡಿಯೇ ಅಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಗ್ಲಿಸಾಂಡೋ ಗೆರೆ, ಸ್ವರವನ್ನು ಅಲುಗಿಸುವ ಕಂಪಿತಕ್ಕೆ ಬದಲಿಯೂ ಅಲ್ಲ. ಗಮಕದ ಎಳೆಯನ್ನು ಸಂಪ್ರದಾಯ ಬಲ್ಲ ಒಬ್ಬ ವಯಲಿನ್ ವಾದಕರಿಗೆ ಬಿಟ್ಟು, ಸುಷಿರವಾದ್ಯಗಳಿಗೆ ನಿಂತ ಸ್ವರಗಳನ್ನು ಕೊಡುವುದು ಮೇಲು.

ಸಾಹಿತ್ಯವನ್ನು ಕನ್ನಡದಲ್ಲೇ ಹಾಕಬಹುದು. ಸ್ಟೈಲ್‌ನಲ್ಲಿ ಲಿರಿಕ್ಸ್ ಫಾಂಟನ್ನು ನೋಟೋ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟಿಗೆ ಬದಲಿಸಿ, ಮೊದಲ ಸ್ವರದ ಮೇಲೆ ಕಂಟ್ರೋಲ್ ಮತ್ತು ಎಲ್ ಒತ್ತಿ ಟೈಪ್ ಮಾಡಿ. ಅಕ್ಷರ ಮುಗಿದು ಪದ ಮುಂದುವರಿದರೆ ಹೈಫನ್, ಪದ ಮುಗಿದರೆ ಸ್ಪೇಸ್, ಒಂದೇ ಅಕ್ಷರ ಹಲವು ಸ್ವರಗಳ ಮೇಲೆ ಎಳೆದರೆ ಅಂಡರ್‌ಸ್ಕೋರ್. ಒತ್ತಕ್ಷರವನ್ನು ಒಡೆಯಬೇಡಿ: 'ಕೃಷ್ಣ' ಎಂಬುದು 'ಕೃ' ಮತ್ತು 'ಷ್ಣ', ಮೂರು ತುಂಡಲ್ಲ. ಒತ್ತು ಕೆಳಗೆ ಇಳಿಯುವುದರಿಂದ ಎರಡು ಚರಣಗಳ ಸಾಲುಗಳು ತಾಗಬಹುದು. ಲಿರಿಕ್ಸ್ ಸಾಲಿನ ಎತ್ತರವನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ.

ಫಿನಾಲೆ ಎಂಬ ಹಳೆಯ ಸ್ವರಲಿಪಿ ತಂತ್ರಾಂಶ ಬಳಸುತ್ತಿದ್ದವರು 2024ರ ಆಗಸ್ಟ್‌ನಲ್ಲಿ ಅದರ ಅಭಿವೃದ್ಧಿ ನಿಂತಮೇಲೆ ಇತ್ತ ನೋಡುತ್ತಿದ್ದಾರೆ. ಫಿನಾಲೆ ತೆರೆಯುವ ಕಂಪ್ಯೂಟರ್ ಕೈಯಲ್ಲಿರುವಾಗಲೇ ಎಲ್ಲ ಹಳೆಯ ಫೈಲ್‌ಗಳನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ಸ್ವರಲಿಪಿ ತಂತ್ರಾಂಶಗಳೂ ಓದಬಲ್ಲ ರೂಪ) ಮತ್ತು ಪಿಡಿಎಫ್ ಎರಡೂ ರೂಪದಲ್ಲಿ ತೆಗೆದಿಡಿ. ಮೊದಲನೆಯದರಲ್ಲಿ ಸ್ವರ, ಸ್ಲರ್, ಸಾಹಿತ್ಯ ಬರುತ್ತವೆ, ಪುಟದ ಜೋಡಣೆ ಕೆಡುತ್ತದೆ. ಎರಡನೆಯದು ಪಕ್ಕದಲ್ಲಿಟ್ಟುಕೊಂಡು ಬಾರ್‌ಗೆ ಬಾರ್ ಹೋಲಿಸಿ ನೋಡಲು.