ಆಟದ ಸಾಮಾನು ಡಾಲರ್ ಟ್ರೀಯಲ್ಲಿ, ಬಹುಮಾನ ಬೇರೆಡೆ

ಅಮೆರಿಕದ ಶಾಲೆಗಳಲ್ಲಿ ಶರತ್ಕಾಲಕ್ಕೆ ನಡೆಯುವ ಆಟಗಳ ಮೇಳವಾದ ಫಾಲ್ ಕಾರ್ನಿವಲ್‌ಗೆ ಕಡಿಮೆ ದುಡ್ಡಿನಲ್ಲಿ ಆಟಗಳನ್ನು ಹೊಂದಿಸಬೇಕಾದವರಿಗೆ ಡಾಲರ್ ಟ್ರೀ ಬಹಳ ಒಳ್ಳೆಯ ಅಂಗಡಿ. ಆದರೆ ಅಲ್ಲಿ ಆಟದ ಸಾಮಾನನ್ನಷ್ಟೇ ಕೊಳ್ಳಬೇಕು, ಬಹುಮಾನಗಳನ್ನಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿಕೊಂಡರೆ ಲೆಕ್ಕ ತಪ್ಪುತ್ತದೆ.

ನನ್ನ ಮಗಳು ಓದುವುದು ಟೆಕ್ಸಸ್ಸಿನ ಪ್ಲೇನೋದ ಒಂದು ಪ್ರಾಥಮಿಕ ಶಾಲೆಯಲ್ಲಿ. ಇಲ್ಲಿ ಅಕ್ಟೋಬರ್ ಕೊನೆಯ ಒಂದು ಸಂಜೆ ಪೋಷಕರು ಮತ್ತು ಶಿಕ್ಷಕರ ಸಂಘವಾದ ಪಿಟಿಎ ಶಾಲೆಯ ಅಂಗಳದಲ್ಲಿ ಕಾರ್ನಿವಲ್ ನಡೆಸುತ್ತದೆ. ಒಂದು ಟಿಕೆಟ್‌ಗೆ ಕಾಲು ಡಾಲರ್, ಒಂದು ಆಟಕ್ಕೆ ಒಂದು ಟಿಕೆಟ್. ಬಂದ ಹಣ ಗ್ರಂಥಾಲಯಕ್ಕೆ ಹೋಗುತ್ತದೆ. ಈ ಬಾರಿ ಆಟಗಳ ಹೊಣೆ ನನ್ನದಾಗಿತ್ತು. ಕೈಗೆ ಬಂದದ್ದು 300 ಡಾಲರ್.

ಹಿಂದಿನ ವರ್ಷ ಪಿಟಿಎ ಆಟಗಳನ್ನೆಲ್ಲ ಬಾಡಿಗೆ ಕಂಪನಿಯೊಂದರಿಂದ ತರಿಸಿತ್ತು. ಲಾರಿ ತಡವಾಗಿ ಬಂತು. ಸಂಜೆ ಗಾಳಿ ಎದ್ದ ಕೂಡಲೇ ಮಕ್ಕಳು ಒಳಗೆ ಕುಣಿಯುವ ಗಾಳಿ ತುಂಬಿದ ಮನೆಯಾದ ಬೌನ್ಸ್ ಹೌಸನ್ನು ಇಳಿಸಬೇಕಾಯಿತು. ಇಳಿಸಿದ್ದು ಸರಿಯೇ, ಮಕ್ಕಳ ಸುರಕ್ಷತೆಯ ವಿಷಯ ಅದು. ಆದರೆ ಮುಂಗಡದಲ್ಲಿ ಒಂದು ಪೈಸೆಯೂ ಹಿಂದಕ್ಕೆ ಬರಲಿಲ್ಲ. ಅವರು ತಂದ ಬಾಟಲಿಗೆ ಬಳೆ ಎಸೆಯುವ ಆಟದಲ್ಲಿ ಬಳೆ ಬಾಟಲಿಯ ಕತ್ತಿಗಿಂತ ಕೂದಲೆಳೆಯಷ್ಟೇ ದೊಡ್ಡದು. ಆರು ವರ್ಷದ ಮಕ್ಕಳು ಸಾಲಾಗಿ ಬಂದು, ಸಾಲಾಗಿ ಸೋತು, ಅಳುಮುಖ ಮಾಡಿಕೊಂಡು ಹೋದರು. ಜಾತ್ರೆಯಲ್ಲಿ ದೊಡ್ಡವರ ಜೇಬಿಗಾಗಿ ಮಾಡಿದ ಆಟವನ್ನು ಶಾಲೆಗೆ ತರಬಾರದು. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಹಾಗಾಗಿ ಈ ವರ್ಷ ಡಾಲರ್ ಟ್ರೀ. 2021ರ ಕೊನೆಯವರೆಗೂ ಅಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ ಡಾಲರ್ ಇತ್ತು. ಆಮೇಲೆ ಒಂದೂಕಾಲು ಡಾಲರ್ ಆಯಿತು, ಈಗ ಅದಕ್ಕೂ ಹೆಚ್ಚಿನ ಬೆಲೆಯ ಸಾಮಾನುಗಳಿವೆ. ಹೆಸರನ್ನು ನಂಬಿ ಬುಟ್ಟಿ ತುಂಬದೆ ಬೆಲೆ ನೋಡಿಕೊಂಡು ತೆಗೆದುಕೊಳ್ಳಿ. ಪಾರ್ಟಿ ಸಾಮಾನು ಮಾರುತ್ತಿದ್ದ ಪಾರ್ಟಿ ಸಿಟಿ ತನ್ನ ಅಂಗಡಿಗಳನ್ನು ಮುಚ್ಚುವುದಾಗಿ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮೇಲೆ, ಇಂಥ ಸಾಮಾನಿಗೆ ಕಾಲ್ನಡಿಗೆಯಲ್ಲೋ ಕಾರಿನಲ್ಲೋ ಹೋಗಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದಾದ ಜಾಗಗಳೇ ಕಡಿಮೆಯಾಗಿವೆ. ಇನ್ನೊಂದು ಮಾತು: ಟೆಕ್ಸಸ್ಸಿನ ನಗರಗಳಲ್ಲಿ ಮಾರಾಟ ತೆರಿಗೆ ಶೇ. 8.25ರವರೆಗೆ ಇದೆ. ಪಿಟಿಎಗೆ ತೆರಿಗೆ ವಿನಾಯಿತಿ ಪತ್ರ ಇದ್ದರೆ ಬಿಲ್ ಹಾಕುವ ಮೊದಲೇ ಅದನ್ನು ತೋರಿಸಿ.

ಅಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಫೋಮ್ ಬೋರ್ಡ್. 20 ಇಂಚು ಅಗಲ, 30 ಇಂಚು ಉದ್ದ, ಎರಡು ಕಡೆ ಕಾಗದ, ನಡುವೆ ಹಗುರವಾದ ಫೋಮ್. ಇದೇ ಹಲಗೆಯಿಂದ ಹವ್ಯಾಸಿಗಳು ರಿಮೋಟ್ ವಿಮಾನಗಳನ್ನೂ ಮಾಡಿ ಹಾರಿಸುತ್ತಾರೆ. ಕಟರ್ ಬ್ಲೇಡಿನಲ್ಲಿ ಬಾಯಿ ಕೊರೆದರೆ ಕುಂಬಳಕಾಯಿ ಮುಖಕ್ಕೆ ಚೀಲ ಎಸೆಯುವ ಆಟ ಸಿದ್ಧ. ಎರಡು ಹಲಗೆಗಳನ್ನು ಬಿಳಿ ಗೋಂದಿನಿಂದ ಅಂಟಿಸಿ, ಒಂದು ರಾತ್ರಿ ಪುಸ್ತಕಗಳ ಭಾರ ಹೇರಿಟ್ಟು, ಮೇಲೆ ಸಾಲು ತಪ್ಪಿಸಿ ಗುಂಡುಪಿನ್ನು ಚುಚ್ಚಿದರೆ ಬಿಲ್ಲೆ ಉರುಳಿಸುವ ಪ್ಲಿಂಕೋ ಆಗುತ್ತದೆ. ಒಂಟಿ ಹಲಗೆಯಲ್ಲಿ ಪಿನ್ನು ನಿಲ್ಲುವುದಿಲ್ಲ, ಜೋಡಿಸಲೇಬೇಕು. ತೇವ ತಗಲಿದರೆ ಈ ಹಲಗೆ ಬಾಗುತ್ತದೆ. ಹುಲ್ಲಿನ ಮೇಲಿಡದೆ ಮೇಜಿನ ಮೇಲಿಡಿ.

ಎಸೆಯುವ ಚೀಲಗಳನ್ನು ಕೊಳ್ಳಲೇ ಇಲ್ಲ. ಆಗ ನಮ್ಮ ಮನೆಯಲ್ಲಿದ್ದ ಅಮ್ಮ ಹೊಲಿದುಕೊಡಲು ಮುಂದಾದರು. ಅಕ್ಕಿ ತುಂಬೋಣವೆಂದೆ. ಅಮ್ಮ ಸೂಜಿ ಕೆಳಗಿಟ್ಟು, "ಮಕ್ಕಳು ತುಳಿಯುವ ವಸ್ತುವಿಗೆ ಅಕ್ಕಿ ತುಂಬುವುದಿಲ್ಲ ಕಣೇ, ಬೇರೆ ಏನಾದರೂ ತಾ" ಎಂದರು. ಮಕ್ಕಳು ಆಡುವ ಮರಳಿನ ಒಂದು ಮೂಟೆ ತಂದೆ. ಸಣ್ಣ ಜಿಪ್ ಚೀಲಕ್ಕೆ ಅರ್ಧ ಕಪ್ಪಿಗಿಂತ ತುಸು ಕಡಿಮೆ ಮರಳು ಹಾಕಿ, ಗಾಳಿ ತೆಗೆದು, ಒಂಟಿಯಾಗಿ ಉಳಿದ ಕಾಲುಚೀಲದೊಳಗೆ ತೂರಿಸಿ, ಬಾಯಿಯನ್ನು ಎರಡು ಸುತ್ತು ಹೊಲಿದರು. ಒಂದೊಂದು ಸುಮಾರು 150 ಗ್ರಾಂ ತೂಗುತ್ತದೆ. ಹಲಗೆಯ ತೂತಿಗೆ ಚೀಲ ಎಸೆಯುವ ದೊಡ್ಡವರ ಕಾರ್ನ್‌ಹೋಲ್ ಆಟದ ಚೀಲ 450 ಗ್ರಾಂ ಹತ್ತಿರ ಇರುತ್ತದೆ, ಪುಟ್ಟ ತೋಳಿಗೆ ಅದು ಹೆಚ್ಚಾಯಿತು. ಅಮ್ಮನ ಚೀಲಗಳಲ್ಲಿ ಒಂದೂ ಒಡೆಯಲಿಲ್ಲ.

ಬಳೆ ಎಸೆತವನ್ನು ಮಾತ್ರ ಹಟ ಹಿಡಿದು ಮತ್ತೆ ಮಾಡಿದೆ, ಮಕ್ಕಳು ಗೆಲ್ಲುವ ಹಾಗೆ. ಕತ್ತಲಲ್ಲಿ ಹೊಳೆಯುವ 22 ಇಂಚಿನ ಕಡ್ಡಿಯ ಎರಡು ತುದಿ ಸೇರಿಸಿದರೆ ಏಳು ಇಂಚು ಅಗಲದ ಬಳೆಯಾಗುತ್ತದೆ. ಗುರಿಗೆ ನಿಜವಾದ ಕುಂಬಳಕಾಯಿ, ತೊಟ್ಟು ಉದ್ದ ಇರುವುದನ್ನೇ ಆರಿಸಿದ್ದು. ಡಾಲರ್ ಟ್ರೀಯ ಫೋಮ್ ಕುಂಬಳಕಾಯಿ ನೋಡಲು ಚೆಂದ, ಆದರೆ ಬಳೆ ತಗುಲಿದರೆ ಅದೇ ಉರುಳಿಹೋಗುತ್ತದೆ. ಅದನ್ನು ಅಲಂಕಾರಕ್ಕೆ ಇಟ್ಟುಕೊಳ್ಳಿ. ನೆಲಕ್ಕೆ ಟೇಪಿನ ಮೂರು ಗೆರೆ ಎಳೆದೆವು: ಕಿಂಡರ್‌ಗಾರ್ಟನ್ ಮಕ್ಕಳಿಗೆ ಮೂರು ಅಡಿ, ಎರಡನೆಯ ತರಗತಿಯವರೆಗೆ ಐದು, ದೊಡ್ಡವರಿಗೆ ಎಂಟು. ಆಟದ ಕಷ್ಟವನ್ನು ಗೆರೆ ನೋಡಿಕೊಳ್ಳುತ್ತದೆ, ಸಾಮಾನು ಬದಲಿಸಬೇಕಿಲ್ಲ. ಕತ್ತಲಾಗುತ್ತಿದ್ದಂತೆ ಹಸಿರು ಬಳೆಗಳು ಹಾರುವುದನ್ನು ನೋಡಲೆಂದೇ ಜನ ಅಲ್ಲಿ ನಿಂತರು.

ಆದರೆ ಆ ಸಂಜೆ ಎಲ್ಲಕ್ಕಿಂತ ಹೆಚ್ಚು ನಡೆದ ಆಟಕ್ಕೆ ಖರ್ಚೇ ಇರಲಿಲ್ಲ. ಕಡಲೆ, ರಾಜ್ಮಾ, ತೆಂಗಿನ ಹಾಲಿನ ಖಾಲಿ ಡಬ್ಬಿಗಳನ್ನು ಮನೆಮನೆಯಿಂದ ಸಂಗ್ರಹಿಸಿ, ತೊಳೆದು, ಕೊಯ್ಯುವ ಅಂಚಿಗೆ ದಪ್ಪ ಟೇಪ್ ಸುತ್ತಿದೆವು. ಪ್ಲಾಸ್ಟಿಕ್ ಲೋಟ ಟೆಕ್ಸಸ್ಸಿನ ಗಾಳಿಗೆ ನಿಲ್ಲುವುದಿಲ್ಲ, ತಗಡು ನಿಲ್ಲುತ್ತದೆ. ಹಳೆಯ ಟೆನ್ನಿಸ್ ಚೆಂಡಿನಿಂದ ಡಬ್ಬಿಗಳನ್ನು ಬೀಳಿಸುವುದು ಇಲ್ಲಿಯ ಕಾರ್ನಿವಲ್‌ಗಳಲ್ಲಿ ಹಳೆಯ ಆಟವೇ. ಅದರ ತೊಂದರೆ ಏನೆಂದರೆ, ಪ್ರತಿ ಸಲ ಬಗ್ಗಿ ಡಬ್ಬಿ ಜೋಡಿಸಿ ಜೋಡಿಸಿ ಸ್ವಯಂಸೇವಕರ ಸೊಂಟ ಬಿದ್ದುಹೋಗುತ್ತದೆ. ನಾನು ಅದಕ್ಕೆ ಲಗೋರಿಯ ಉಳಿದರ್ಧವನ್ನು ಸೇರಿಸಿದೆ. ಒಬ್ಬರು ಬೀಳಿಸಬೇಕು, ಸಾಲಿನಲ್ಲಿ ಮುಂದಿರುವವರು ಇಪ್ಪತ್ತು ಎಣಿಸುವುದರೊಳಗೆ ಏಳು ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಬೇಕು, ಸಾಲಿನವರೆಲ್ಲ ಜೋರಾಗಿ ಎಣಿಸಬೇಕು. ಜೋಡಿಸಿದವರಿಗೂ ಬಹುಮಾನ. ಮಕ್ಕಳಿಗೆ ಬೀಳಿಸುವುದಕ್ಕಿಂತ ಜೋಡಿಸುವುದೇ ಹೆಚ್ಚು ಇಷ್ಟವಾಯಿತು! ಐದನೆಯ ತರಗತಿಯ ಹುಡುಗರು ಚೆಂಡನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಜೋಡಿಸುವ ಸರದಿಗಾಗಿ ಕಾದರು. ಮಳಿಗೆಗೆ ಒಬ್ಬ ಸ್ವಯಂಸೇವಕರು ಸಾಕಾದರು.

ಟೆನ್ನಿಸ್ ಚೆಂಡನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಕಾರ್ನಿವಲ್‌ಗೆ ತಮ್ಮ, ತಂಗಿ ಎಂದು ನಡೆಯಲು ಕಲಿತ ಕೂಸುಗಳೂ ಬರುತ್ತವೆ. ಸಣ್ಣ ಚೆಂಡು ಅವುಗಳ ಗಂಟಲಿಗೆ ಸಿಕ್ಕಿ ಉಸಿರುಗಟ್ಟಬಹುದು. ಅಮೆರಿಕದ ಸುರಕ್ಷತಾ ನಿಯಮದಂತೆ ಮೂರು ವರ್ಷದೊಳಗಿನವರ ಆಟಿಕೆಯ ಚೆಂಡು 44.4 ಮಿಲಿಮೀಟರಿಗಿಂತ ದೊಡ್ಡದಿರಬೇಕು. ಪಿಂಗ್‌ಪಾಂಗ್ ಚೆಂಡು 40 ಮಿಲಿಮೀಟರ್. ಲೋಟಕ್ಕೆ ಪಿಂಗ್‌ಪಾಂಗ್ ಚೆಂಡು ಹಾಕುವ ಆಟ ಇಡುವುದಾದರೆ ಒಂದು ಮೂಲೆಯಲ್ಲಿ ಇಟ್ಟು, ಉರುಳಿದ ಚೆಂಡು ಹೆಕ್ಕಲೆಂದೇ ಒಬ್ಬರನ್ನು ನಿಲ್ಲಿಸಿ. ಒಡೆದ ಬಲೂನಿನ ಚೂರೂ ಅಷ್ಟೇ ಅಪಾಯ. ನಾವು ಬಲೂನನ್ನು ಪೂರ್ತಿ ಬಿಟ್ಟೆವು.

ಇನ್ನು ಬಹುಮಾನ. ಕಾಲು ಡಾಲರಿನ ಆಟಕ್ಕೆ ಒಂದೂಕಾಲು ಡಾಲರಿನ ಆಟಿಕೆ ಕೊಟ್ಟರೆ ಗ್ರಂಥಾಲಯಕ್ಕೆ ಏನು ಉಳಿಯುತ್ತದೆ? ಇದಕ್ಕೆ ಒಮಾಹ ನಗರದ ಓರಿಯೆಂಟಲ್ ಟ್ರೇಡಿಂಗ್ ಸರಿಯಾದ ಜಾಗ. 1932ರಿಂದ ಇರುವ ಕಂಪನಿ. ಪೆನ್ಸಿಲ್, ಸ್ಟಿಕ್ಕರ್, ರಬ್ಬರ್ ಬಾತುಕೋಳಿಗಳನ್ನು ಡಜನ್ನುಗಟ್ಟಲೆ, ಹನ್ನೆರಡು ಡಜನ್ನಿನ ಗ್ರೋಸ್‌ಗಟ್ಟಲೆ ಮಾರುತ್ತದೆ. ಅಂಚೆ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ಬೇಗ ತರಿಸಿ. ಮಿಠಾಯಿಯ ಬದಲು ಇಂಥವನ್ನೇ ಕೊಡುವುದು ಒಳ್ಳೆಯದು. ಹ್ಯಾಲೋವೀನ್ ಹಬ್ಬದ ಸಂಜೆ ಮಿಠಾಯಿ ಕೇಳಿಕೊಂಡು ಮನೆಮನೆಗೆ ಬರುವ ಮಕ್ಕಳಲ್ಲಿ ಅಲರ್ಜಿ ಇರುವವರಿಗಾಗಿ ತಿನಿಸಲ್ಲದ ಉಡುಗೊರೆ ಇಡುವ ಮನೆಗಳ ಮುಂದೆ ನೀಲಿಹಸಿರು ಕುಂಬಳಕಾಯಿ ಇಡುವ ಅಭಿಯಾನ 2014ರಿಂದ ದೇಶದಾದ್ಯಂತ ನಡೆದಿದೆ. ನಮ್ಮ ಬಹುಮಾನದ ಮೇಜಿನ ಮೇಲೂ ಅದೇ ಬಣ್ಣ ಬಳಿದ ಒಂದು ಕುಂಬಳಕಾಯಿ ಇಟ್ಟೆವು. ಕಡಲೆಕಾಯಿ ಅಲರ್ಜಿಯ ಮಗನನ್ನು ಕರೆತಂದಿದ್ದ ತಾಯಿಯೊಬ್ಬರು ಅದನ್ನು ಕಂಡು, ಮಗನ ಕೈ ಬಿಟ್ಟು, ತಾನೇ ಆರಿಸಿಕೊಳ್ಳಲು ಕಳಿಸಿದರು. ಅಷ್ಟಕ್ಕಾದರೂ ಈ ಬಣ್ಣ ಬಳಿಯಬೇಕು.

ದೊಡ್ಡ ಬಹುಮಾನಕ್ಕೆ ಪ್ರಾಂಶುಪಾಲರನ್ನು ಕೇಳಿ. ಬೆಳಗಿನ ಪ್ರಕಟಣೆಯನ್ನು ಮೈಕಿನಲ್ಲಿ ಓದುವ ಅವಕಾಶವನ್ನು ನಮ್ಮ ಪ್ರಾಂಶುಪಾಲರು ಸಂತೋಷದಿಂದ ಕೊಟ್ಟರು. ಮೇಜಿನ ಮೇಲಿದ್ದ ಯಾವ ಆಟಿಕೆಗೂ ಆ ಅವಕಾಶದ ಚೀಟಿಯಷ್ಟು ಬೇಡಿಕೆ ಬರಲಿಲ್ಲ.

ಮುಂದಿನ ವರ್ಷಕ್ಕೆ ಯೋಚಿಸುತ್ತಿರುವವರು ಕುಂಬಳಕಾಯಿ ಬಣ್ಣದ ಅಲಂಕಾರವನ್ನು ಸೆಪ್ಟೆಂಬರಿನಲ್ಲೇ ತಂದಿಟ್ಟುಕೊಳ್ಳಿ. ಅಕ್ಟೋಬರ್ ಮುಗಿಯುವ ಮೊದಲೇ ಅಂಗಡಿಗಳ ಕಪಾಟಿಗೆ ಕ್ರಿಸ್‌ಮಸ್ ಬರುತ್ತದೆ. ಫೋಮ್ ಬೋರ್ಡ್, ಟೇಪ್, ಲೋಟ ಯಾವಾಗಲೂ ಸಿಗುತ್ತವೆ. ನಮ್ಮ ಡಬ್ಬಿಗಳು, ಮರಳಿನ ಚೀಲಗಳು, ಪ್ಲಿಂಕೋ ಹಲಗೆ ಶಾಲೆಯ ಉಗ್ರಾಣದಲ್ಲಿವೆ. ಪಕ್ಕದ ಶಾಲೆಯ ಪಿಟಿಎ ವಸಂತದ ಮೇಳಕ್ಕೆ ಅವನ್ನು ಆಗಲೇ ಕೇಳಿದೆ.